ಕೃತಜ್ಞತೆಯ ಪುಟ

ಆ ಊರಲ್ಲಿ ಸುಳ್ಳಿದ್ದ ಯಾವ ಪುಸ್ತಕವಾದರೂ ಗಾಳಿಯಲ್ಲಿ ತೇಲುತ್ತಿತ್ತು. ಕಾದಂಬರಿಗಳನ್ನು ಅಂಗಡಿಯವರು ದಾರ ಕಟ್ಟಿಯೇ ಮಾರುತ್ತಿದ್ದರು. ಆದರೆ ಹೆಸರಾಂತ ಲೇಖಕಿ ಚಂದ್ರಮತಿಯ ಕೆರೆಗಳ ಚರಿತ್ರೆ ಕೂಡ ಬಿಡುಗಡೆಯ ದಿನ ಸೀದಾ ಮೇಲೇರಿ ಫ್ಯಾನಿಗೆ ತಗುಲಿಕೊಂಡಿತು. ಸಭೆ ಗೊಳ್ಳೆಂದಿತು.

"ಕಾದಂಬರಿ ಅಂತಾನೇ ಮಾರೋಣ ಬಿಡಿ ಮೇಡಂ," ಎಂದ ಪ್ರಕಾಶಕ.

"ಒಂದೊಂದು ಕೆರೆಗೂ ಇಳಿದು ಅಳೆದಿದ್ದೀನಿ ಕಣ್ರೀ." ಚಂದ್ರಮತಿ ಫ್ಯಾನಿನತ್ತ ಕತ್ತೆತ್ತಿದಳು. ಇಷ್ಟು ವರ್ಷಗಳ ದುಡಿಮೆ ತಲೆಯ ಮೇಲೆ ತೂಗಾಡುತ್ತಿತ್ತು.

ಅವಳ ಗಂಡ ವಿರೂಪಾಕ್ಷ ನಗು ತಡೆಯಲಾರದೆ ಮೇಜು ಹತ್ತಿ, ಪುಸ್ತಕ ಹಿಡಿದು, ಕೃತಜ್ಞತೆಯ ಪುಟ ಹರಿದ. ಪುಸ್ತಕ ಧೊಪ್ಪನೆ ಕೆಳಗೆ ಬಿತ್ತು. ಹಾಳೆ ಮಾತ್ರ ಗಾಳಿಪಟದಂತೆ ಮೇಲೇರಿತು.

"ಮನೆಗೆಲಸವೆಲ್ಲ ಯಜಮಾನರೇ ಹೊತ್ತರು ಅಂತ ಯಾಕೆ ಬರೆದೆ ಮಾರಾಯ್ತಿ?"

"ಎಲ್ಲರೂ ಹಾಗೇ ಬರೀತಾರಲ್ಲ."

"ನಾಳೆಯಿಂದ ನಿಜವಾಗ್ಲೂ ಮಾಡ್ತೀನಿ."

"ಬರೆದು ಕೊಡಿ."

ಬರೆದ. ಆಮೇಲೆ ಆ ಕಾಗದದ ಮೇಲಿಂದ ಎರಡೂ ಕೈ ತೆಗೆಯಲೇ ಇಲ್ಲ.