ಫಿಯಟ್ಟಿಗೊಂದು ಸಿಲಿಂಡರ್

ನಂಜರಾಜಯ್ಯನವರು ಬಲ್ಬ್ ಕೊಂಡರೂ ಅಂಗಡಿಯಲ್ಲೇ ಉರಿಸಿ ನೋಡಿ, ಉರಿದದ್ದನ್ನೇ ಮನೆಗೆ ತರುವವರು. ಗೆಳೆಯರೊಬ್ಬರ ಹಳೇ ಕಾರು ನಡುರಸ್ತೆಯಲ್ಲಿ ಹೊತ್ತಿ ಉರಿದ ಮೇಲೆ, ತಮ್ಮ ಅರವತ್ತು ವರ್ಷದ ಫಿಯಟ್ಟಿಗೂ ಬೆಂಕಿ ಆರಿಸುವ ಸಿಲಿಂಡರೊಂದನ್ನು ತರಲು ಹೊರಟರು.

"ಪೌಡರ್ ಇರೋದು ಬೇಡ ಸಾರ್, ಇಂಜಿನ್ ಹಾಳಾಗುತ್ತೆ. ಗ್ಯಾಸಿಂದು ತಗೊಳ್ಳಿ," ಎಂದ ಅಂಗಡಿಯವನು.

ನಂಜರಾಜಯ್ಯನವರು ಎತ್ತಿ ನೋಡಿದರು. ಕೈ ಜಗ್ಗುವಷ್ಟು ಭಾರ.

"ಒಳಗೆ ಗ್ಯಾಸೇ ಇದೆ ಅಂತ ಏನು ಗ್ಯಾರಂಟಿ?"

"ಮೀಟರಿನ ಮುಳ್ಳು ಹಸಿರಲ್ಲಿದೆ ನೋಡಿ ಸಾರ್."

"ಮುಳ್ಳನ್ನ ಯಾರು ಬೇಕಾದ್ರೂ ತಿರುಗಿಸಿಡಬಹುದು. ಹೊಡೆದು ತೋರ್ಸಿ."

ದೊಡ್ಡ ನಿಟ್ಟುಸಿರು ಬಿಟ್ಟು ಅಂಗಡಿಯವನು ಬಾಗಿಲ ಮುಂದೆ ಹಳೇ ಬಾಣಲೆಯಲ್ಲಿ ಚಿಂದಿಬಟ್ಟೆಗೆ ಬೆಂಕಿ ಹಚ್ಚಿದ. ಪಿನ್ನು ಕಿತ್ತು ಒತ್ತಿದ್ದೇ ತಡ, ಬೆಂಕಿ ಆರಿತು.

"ನಿಲ್ಲಿಸ್ಬೇಡಿ. ಅರ್ಧವೇ ತುಂಬಿಸಿದ್ದೀರೋ ಏನೋ."

ಬುಸ್ಸೆನ್ನುವ ಸದ್ದು ತಾನಾಗಿ ನಿಲ್ಲುವವರೆಗೂ ಅವರು ಕೈಗಡಿಯಾರ ನೋಡುತ್ತ ನಿಂತರು. ಪರವಾಗಿಲ್ಲ, ಸಾಚಾ ಮಾಲು.

ಅಂಗಡಿಯವನು ಒಳಗಿನಿಂದ ಸೀಲು ಒಡೆಯದ ಇನ್ನೊಂದನ್ನು ತಂದ. ಅವರ ಹುಬ್ಬು ಗಂಟಿಕ್ಕಿತು.

"ತೋರ್ಸೋದು ಒಂದು, ಕೊಡೋದು ಇನ್ನೊಂದಾ?"

"ಅಲ್ಲ ಸಾರ್, ಅದು..."

"ನಂಗೆಲ್ಲ ಗೊತ್ತು. ನಾನು ನೋಡಿದ್ದೇ ನಂಗೆ ಬೇಕು."

ಮೇಜಿನ ಮೇಲೆ ದುಡ್ಡಿಟ್ಟು, ನೆಲದ ಮೇಲಿದ್ದುದನ್ನು ತಾವೇ ಎತ್ತಿಕೊಂಡು ಹೋಗಿ ಸೀಟಿನ ಕೆಳಗಿಟ್ಟರು. ಅಂಗಡಿಯವನು ಹೊಸದನ್ನು ಹಿಡಿದು ಕೂಗುತ್ತ ಓಡಿ ಬರುವಷ್ಟರಲ್ಲಿ ಫಿಯಟ್ಟು ತಿರುವು ದಾಟಿತ್ತು.

ಸಿಲಿಂಡರು ಮೊದಲು ಎತ್ತಿದಾಗಿನಷ್ಟು ಭಾರವೂ ಇಲ್ಲದ್ದು ನಂಜರಾಜಯ್ಯನವರಿಗೆ ಇನ್ನಷ್ಟು ಹಿಡಿಸಿತು.