ತಿಜೋರಿಯ ಕೆಂಪು ಚುಕ್ಕೆಗಳು

ಆರಿನ್ ಪಿಕಪ್ಪಿನ ಬಾಗಿಲು ಮೆಲ್ಲಗೆ ಹಾಕಿದ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದ ಅವನ ಹೆಂಡತಿ ಲವೋನ್‌ಳ ಕೈ ಅಲ್ಲೇ ನಿಂತಿತು. ಬಂದೂಕಿನ ಸಂತೆಯಿಂದ ಬರಿಗೈಯಲ್ಲಿ ಬಂದ ಗಂಡಸು ಬಾಗಿಲನ್ನು ಧಡಾರನೆ ಹಾಕುತ್ತಾನೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಕಲಿತ ಪಾಠ ಅದು. ಹಿಂದೆಯೇ, ಹೊರಗಿನಿಂದ ನೆಲಮಾಳಿಗೆಗೆ ಇಳಿಯುವ ಬಾಗಿಲು ಕಿರ್ರೆಂದಿತು. ಸ್ವಲ್ಪ ಹೊತ್ತು ಬಿಟ್ಟು ಆರಿನ್ ಮುಂಬಾಗಿಲಿನಿಂದ ಎರಡೂ ಕೈ ಬೀಸಿಕೊಂಡು, ಸೀಟಿ ಹಾಕುತ್ತ ಒಳಗೆ ಬಂದ.

"ಏನ್ ತಂದೆ?"

"ಏನೂ ಇಲ್ಲ ಕಣೇ. ಸುಮ್ನೆ ನೋಡ್ಕೊಂಡು, ಒಂದು ಹಾಟ್ ಡಾಗ್ ತಿಂದ್ಕೊಂಡು ಬಂದೆ."

"ನೆಲಮಾಳಿಗೇಲಿ ಏನಿತ್ತು ಕೆಲಸ?"

"ಬೂಟ್ಸು ಕೆಸರಾಗಿತ್ತು, ಬಿಚ್ಚಿಟ್ಟು ಬಂದೆ."

ಲವೋನ್ ಅವನ ಕಾಲು ನೋಡಿದಳು. ಬೂಟ್ಸು ಕಾಲಲ್ಲೇ ಇತ್ತು.

"ಒರೆಸ್ಕೊಂಡು ಬಂದೆ ಅಂದೆ," ಎಂದು ಆರಿನ್ ತಿದ್ದಿಕೊಂಡ.

ಮರುದಿನ ಮಗಳು ಕೆಲ್ಸಿ ಎಳೆಗೂಸನ್ನು ಎತ್ತಿಕೊಂಡು ಮೊದಲ ಸಲ ಬರುವವಳಿದ್ದಳು. ಅಮೆರಿಕದ ಮೊಂಟಾನಾದ ಆ ಕಡೆ ಮನೆಯಲ್ಲಿ ಬಂದೂಕು ಇರುವುದು ದೊಡ್ಡ ಸಂಗತಿಯೇನಲ್ಲ. ಆದರೆ ಆರಿನ್‌ನ ಮನೆಯಲ್ಲಿ ಅವು ಮಂಚದಡಿ, ಕಪಾಟಿನ ಮೇಲೆ, ಬಟ್ಟೆ ಒಗೆಯುವ ಯಂತ್ರದ ಹಿಂದೆ, ಎಲ್ಲೆಂದರಲ್ಲಿ ಇದ್ದವು. "ಒಂದೇ ಒಂದು ಬಂದೂಕು ತಿಜೋರಿ ಹೊರಗೆ ಕಂಡ್ರೂ ಮಗೂನ ಎತ್ಕೊಂಡು ವಾಪಸ್ ಹೊರಟೆ," ಎಂದು ಕೆಲ್ಸಿ ಫೋನಿನಲ್ಲಿ ಹೇಳಿದ್ದಳು. ಹೇಳಿದಂತೆ ಮಾಡುವ ಹುಡುಗಿ ಅವಳು. ಅದಕ್ಕೇ ಗಂಡ ಹೆಂಡತಿ ಪಾದ್ರಿಯ ಎದುರು ಮಾತು ಕೊಟ್ಟಿದ್ದರು: ಅವನು ಇನ್ನು ಬಂದೂಕು ಕೊಳ್ಳುವುದಿಲ್ಲ, ಅವಳು ಇನ್ನು ಕೌದಿ ಹೊಲಿಯಲು ಬಟ್ಟೆ ಕೊಳ್ಳುವುದಿಲ್ಲ. ಎರಡೂ ರಾಶಿ ಎತ್ತಿದ ಮೇಲೆ ಮಗುವಿಗೊಂದು ಕೋಣೆ ಸಿಕ್ಕಿತು. ಬಂದೂಕುಗಳೆಲ್ಲ ನೆಲಮಾಳಿಗೆಯ ತಿಜೋರಿ ಸೇರಿದವು. ಅಲ್ಲಿ ಇನ್ನು ಕಡ್ಡಿ ತೂರಿಸಲೂ ಜಾಗವಿರಲಿಲ್ಲ.

ಮಾತು ಕೊಟ್ಟ ಮಾತ್ರಕ್ಕೆ ನಂಬುವ ಹೆಂಗಸಲ್ಲ ಲವೋನ್. ಹೊಸದನ್ನು ತಂದು ಸಿಕ್ಕಿಬಿದ್ದಾಗಲೆಲ್ಲ ಆರಿನ್ "ಅದಾ, ಹಳೇದು," ಎನ್ನುತ್ತಿದ್ದ. ಅವಳ ಕಣ್ಣಿಗೆ ಎಲ್ಲ ಬಂದೂಕೂ ಒಂದೇ ಥರ. ಹಾಗಾಗಿ ಅವನಿಲ್ಲದ ಹೊತ್ತಿನಲ್ಲಿ ತಿಜೋರಿ ತೆಗೆದು, ಪ್ರತಿಯೊಂದರ ಹಿಡಿಯ ಅಡಿಗೂ ತನ್ನ ನೇಲ್ ಪಾಲಿಶಿನ ಒಂದು ಕೆಂಪು ಚುಕ್ಕೆ ಇಟ್ಟಿದ್ದಳು. ಚುಕ್ಕೆ ಇಲ್ಲದ್ದು ಸಿಕ್ಕಿದರೆ ಅದೇ ಹೊಸದು.

ಮರುದಿನ, ಭಾನುವಾರ ಬೆಳಿಗ್ಗೆ ಅವನು ಗಡ್ಡ ಹೆರೆದುಕೊಳ್ಳುವಾಗ ಅವಳು ಕೆಳಗಿಳಿದು ತಿಜೋರಿ ತೆಗೆದಳು. ಒಂದೊಂದನ್ನೂ ತಿರುಗಿಸಿ ನೋಡಿದಳು. ಎಲ್ಲದಕ್ಕೂ ಚುಕ್ಕೆ ಇತ್ತು. ಪಾಪ, ಸುಮ್ಮನೆ ಅನುಮಾನಪಟ್ಟೆ ಅಂತ ಅವಳಿಗೆ ನಾಚಿಕೆಯಾಯಿತು. ಮೇಲೆ ಬಂದು ಅವನಿಗಿಷ್ಟವಾದ ಕಾಡುಹಣ್ಣಿನ ಪೈ ಒಲೆಗಿಟ್ಟಳು. ಮಗುವಿನ ಜೊತೆ ಫೋಟೊ ತೆಗೆಸಿಕೊಳ್ಳಬೇಕಲ್ಲ ಎಂದು ಉಗುರಿಗೆ ಬಣ್ಣ ಹಚ್ಚಿಕೊಂಡಳು. ಬಾಟಲಿ ತಳ ಕಂಡಿತ್ತು. ಹಳೆಯದು, ಆರಿಹೋಗಿರಬೇಕು ಅಂದುಕೊಂಡಳು.

ಕೆಲ್ಸಿ ಬಂದವಳೇ ಮನೆಯೆಲ್ಲ ಒಂದು ಸುತ್ತು ಹಾಕಿ, ತಿಜೋರಿಯ ಹಿಡಿಕೆ ಎಳೆದು ನೋಡಿ, ಸಮಾಧಾನವಾದ ಮೇಲೆಯೇ ಮಗುವನ್ನು ಅಜ್ಜಿಯ ತೋಳಿಗೆ ಕೊಟ್ಟಳು. ಆ ಬಿಸಿ ಭಾರಕ್ಕೆ ಲವೋನ್‌ಳ ಕಣ್ಣು ತುಂಬಿತು. ಊಟಕ್ಕೆ ಕೂತರು. ಪ್ರಾರ್ಥನೆಗೆ ಆರಿನ್ ಎರಡೂ ಕೈ ಹೆಣೆದು ತಲೆ ಬಗ್ಗಿಸಿದ. ಅವನ ಬಲಗೈ ಹೆಬ್ಬೆರಳಿಗೆ ಕೆಂಪು ಬಣ್ಣ ಮೆತ್ತಿತ್ತು.

ಲವೋನ್ ಆಮೆನ್ ಹೇಳುವುದನ್ನೇ ಮರೆತಳು. ಚುಕ್ಕೆಯ ಗುಟ್ಟು ಅವನಿಗೆ ಗೊತ್ತಾಗಿದೆ. ಹೊಸದಕ್ಕೂ ಚುಕ್ಕೆ ಇಟ್ಟಿದ್ದಾನೆ. ತಿಜೋರಿಯಲ್ಲಂತೂ ಜಾಗವಿಲ್ಲ. ಹಾಗಾದರೆ ಅದು ಹೊರಗಿದೆ, ನೆಲಮಾಳಿಗೆಯಲ್ಲೇ ಇದೆ. "ಉಪ್ಪಿನಕಾಯಿ ತರ್ತೀನಿ," ಎಂದು ಮಗುವನ್ನು ಕೆಲ್ಸಿಯ ಕೈಗಿಟ್ಟು ಕೆಳಗಿಳಿದಳು. ಅಲ್ಲಿ ಉದ್ದನೆಯ ವಸ್ತು ಹಿಡಿಸುವಂಥದ್ದು ತಿಜೋರಿ ಬಿಟ್ಟರೆ ಒಂದೇ, ಕ್ರಿಸ್ಮಸ್ ಮರದ ರಟ್ಟಿನ ಪೆಟ್ಟಿಗೆ. ಅದು ಅವಳಿಗೆ ಮೊದಲೇ ಹೊಳೆಯದಿದ್ದುದಕ್ಕೆ ಕಾರಣವಿತ್ತು. ಈ ಜುಲೈ ತಿಂಗಳಲ್ಲಿ ಅದನ್ನು ಯಾರು ಮುಟ್ಟುತ್ತಾರೆ ಎಂದು ಅವಳು ತನ್ನ ಬಟ್ಟೆಯ ಗಂಟನ್ನೇ ಅದರಲ್ಲಿ ಬಚ್ಚಿಟ್ಟಿದ್ದಳು. ಮುಚ್ಚಳ ತೆಗೆದಳು. ಪಾದ್ರಿಗೆ ಮಾತು ಕೊಟ್ಟ ಮೇಲೆ ಕೊಂಡ ನೀಲಿ ಹೂವಿನ ಬಟ್ಟೆಯಲ್ಲಿ, ಕೂಸನ್ನು ಸುತ್ತಿದ ಹಾಗೆ ಸುತ್ತಿ, ಒಂದು ಬಂದೂಕು ಮಲಗಿತ್ತು.

ಮೆಟ್ಟಿಲ ಬುಡದಲ್ಲಿ ಆರಿನ್ ನಿಂತಿದ್ದ.

"ಇದು ಯಾವಾಗಿಂದು?"

"ಅದಾ, ಹಳೇದು. ಬೇಕಾದ್ರೆ ಚುಕ್ಕೆ ನೋಡು."

ಅವಳು ಅವನ ಹೆಬ್ಬೆರಳನ್ನೇ ದಿಟ್ಟಿಸಿದಳು. ಅವನು ಕೈ ಜೇಬಿಗಿಳಿಸಿದ. "ಇದರ ಜೋಡಿ ನಮ್ಮ ತಿಜೋರೀಲಿದೆ ಕಣೇ. ಒಡಹುಟ್ಟಿದವುನ್ನ ಬೇರೆ ಮಾಡ್ಬಾರ್ದು."

"ಗುಂಡು ತುಂಬಿದ್ಯಾ?"

"ಇದಕ್ಕೆ ಹಾಕೋ ಗುಂಡು ಈಗ ಯಾರೂ ಮಾಡೋದೇ ಇಲ್ಲ." ಅದೊಂದು ಹಿರಿಮೆ ಎನ್ನುವಂತೆ ಹೇಳಿ, ಸ್ವರ ತಗ್ಗಿಸಿದ. "ಆ ಬಟ್ಟೆ ಯಾವಾಗಿಂದು?"

"ಅದಾ," ಎಂದಳು ಲವೋನ್. "ಹಳೇದು."

ಮೇಲಿನಿಂದ ಕೆಲ್ಸಿ ಕೂಗಿದಳು. "ಇಬ್ರೂ ಏನ್ ಮಾಡ್ತಿದೀರ ಕೆಳಗೆ? ಬಂದೂಕೆಲ್ಲ ತಿಜೋರೀಲೇ ಇದೆ ತಾನೇ? ಅಪ್ಪನ ಮಾತು ನಂಗೆ ಬೇಡ. ಅಮ್ಮ, ನೀನ್ ಹೇಳು."

ಮಗಳ ತೋಳಿನಲ್ಲಿ ಮಗು ಸಣ್ಣಗೆ ಕುಂಯ್‌ಗುಟ್ಟುವುದು ಕೇಳಿಸಿತು. ಲವೋನ್ ಒಂದು ಗಳಿಗೆ ಕಣ್ಣು ಮುಚ್ಚಿದಳು.

"ಎಲ್ಲಾ ಒಳಗಿದೆ ಮಗಳೇ. ಬೆಳಿಗ್ಗೆ ನಾನೇ ನೋಡ್ದೆ."

ತುಂಬಿದ್ದ ಪೆಟ್ಟಿಗೆ ಬೇಗ ಮುಚ್ಚಿಕೊಳ್ಳಲಿಲ್ಲ. ಆರಿನ್ ಒಂದು ಕಡೆಯಿಂದ ಅದುಮಿದ, ಲವೋನ್ ಇನ್ನೊಂದು ಕಡೆಯಿಂದ. ಮುಚ್ಚಳದ ಮೇಲೆ ಒತ್ತಿ ಹಿಡಿದ ಎರಡು ಹೆಬ್ಬೆರಳಿಗೂ ಒಂದೇ ಕೆಂಪು.