ಕೊಡೆ ಮಡಚುವವನು

"ಇದರಲ್ಲಿ 'ಇತ್ತು' ಅನ್ನೋಕೆ ಜಾಗ ಇಲ್ವಾ ಸರ್?"

ಸೇನೆಯ ಭರ್ತಿ ಕಚೇರಿಯ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. ಮೇಜಿನಾಚೆ ಕೂತವನು ಮರುಸೇರ್ಪಡೆಯ ಅರ್ಜಿಯ ಹನ್ನೊಂದನೇ ಪ್ರಶ್ನೆಯ ಮೇಲೆ ಬೆರಳಿಟ್ಟಿದ್ದ. ಮದ್ಯ, ಮಾತ್ರೆ, ಇನ್ನಾವುದೇ ಅಮಲಿನ ಚಟ: ಇದೆ, ಇಲ್ಲ. ಎರಡು ಪದ, ಪಕ್ಕದಲ್ಲಿ ಎರಡು ಚೌಕ.

"ಇದು ವ್ಯಾಕರಣದ ಪರೀಕ್ಷೆ ಅಲ್ಲ ಕಣೋ ಇಸ್ತ್ರಿ. ಒಂದು ಗೀಟು ಹಾಕು, ಸಹಿ ಮಾಡು, ಎದ್ದು ಬಾ. ಟೀ ಕುಡಿಯೋಣ."

ಇಸ್ತ್ರಿ ಅನ್ನುವುದು ಸೇನೆಯಲ್ಲಿದ್ದಾಗ ಅವನಿಗೆ ಅಂಟಿದ ಹೆಸರು. ಪ್ಯಾರಾಚೂಟ್ ಮಡಚುವುದು ಅವನ ಕೆಲಸವಾಗಿತ್ತು. ವಿಮಾನದಿಂದ ಹಾರುವವರು ಅದನ್ನು ಕೊಡೆ ಎನ್ನುತ್ತಿದ್ದರು. ಅವನು ಮಡಚಿದ ಕೊಡೆಯಲ್ಲಿ ಸುಕ್ಕು ಹುಡುಕಿ ಗೆದ್ದವರಿರಲಿಲ್ಲ. ಅದನ್ನೆಲ್ಲ ಬಿಟ್ಟು ಐದು ವರ್ಷವಾಗಿತ್ತು. ಈಗ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಹಬೆಯ ನಡುವೆ ನಿಂತು, ಯಾರ್ಯಾರೋ ಮಲಗಿ ಎದ್ದ, ಮಲಗಿ ಏಳದ ಚಾದರಗಳನ್ನು ಮಡಚುತ್ತಿದ್ದ. ಬರುವ ತಿಂಗಳು ವಯಸ್ಸಿನ ಮಿತಿ ದಾಟುತ್ತಿತ್ತು. ಈ ಅರ್ಜಿ ತಪ್ಪಿದರೆ ಕೊಡೆ ಮಡಚುವ ಆ ನಲವತ್ತಡಿ ಉದ್ದದ ಮೇಜನ್ನು ಇನ್ನು ಜನ್ಮದಲ್ಲಿ ಮುಟ್ಟುವ ಹಾಗಿರಲಿಲ್ಲ. ಬೆಳಿಗ್ಗೆ ಅಕ್ಕ ಅವನ ಅಂಗಿಯ ಕಾಲರು ಸರಿಮಾಡುತ್ತ ಹೇಳಿದ್ದಳು: "ಕಾಗದದಲ್ಲಿ ಇಲ್ಲದ್ದನ್ನ ಬಾಯಲ್ಲಿ ತರಬೇಡ. ನಿನ್ನನ್ನ ಸಾಕಿ ಸಾಕಿ ನನಗೂ ಸಾಕಾಗಿದೆ ಕಣಪ್ಪ."

"ಬೆನ್ನು ನೋವಿಗೆ ಅಂತ ಶುರುವಾಗಿದ್ದು ಸರ್, ಮಾತ್ರೆ," ಅಂದ. "ಬೆನ್ನು ವಾಸಿಯಾಯ್ತು. ಮಾತ್ರೆ ವಾಸಿಯಾಗ್ಲಿಲ್ಲ."

"ಈಗ?"

"ನಾಲ್ಕು ವರ್ಷ ಆಯ್ತು ಮುಟ್ಟಿ."

"ಮತ್ತಿನ್ನೇನು? ಇವತ್ತು ಕೇಳಿದ್ರೆ ಇಲ್ಲ ತಾನೇ? ಇಲ್ಲ ಅಂತ ಹಾಕು." ಸಾಹೇಬರು ಅವನ ಹಳೆಯ ಕಡತವನ್ನು ಅಂಗೈಯಿಂದ ತಟ್ಟಿದರು. "ಬೆನ್ನು ನೋವು, ಸ್ವಂತ ಕೋರಿಕೆ ಮೇಲೆ ಬಿಡುಗಡೆ. ಇದರಾಚೆ ಒಂದಕ್ಷರ ಇಲ್ಲ ಇಲ್ಲಿ. ನೋಡು, ನಿನ್ನ ಕೊಡೇಲಿ ನಾನೆಷ್ಟು ಸಲ ಹಾರಿದ್ದೀನಿ! ಧುಮುಕೋದು, ಒಂದು ಎರಡು ಮೂರು ನಾಲ್ಕು ಅಂತ ಎಣಿಸೋದು, ತಲೆಯೆತ್ತಿ ನೋಡೋದು. ಆಕಾಶ ಮುಚ್ಚೋ ಹಾಗೆ ಬಿಚ್ಚಿಕೊಂಡಿರೋದು. ಪ್ರತಿ ಸಲ ಅಲ್ಲಿಂದಲೇ ನಿನಗೊಂದು ನಮಸ್ಕಾರ ಹಾಕ್ತಿದ್ದೆ. ಹೆಂಡತಿಗಿಂತ ಹೆಚ್ಚು ನಿನ್ನ ನಂಬಿದ್ದೆ ಕಣೋ. ಅವಳ ಮುಂದೆ ಅನ್ಬೇಡ ಮತ್ತೆ."

ಅವನಿಗೂ ನಗು ಬಂತು. ಪೆನ್ನು 'ಇಲ್ಲ'ದ ಚೌಕದ ಕಡೆ ಇಳಿಯಿತು. ತುದಿ ಕಾಗದಕ್ಕೆ ತಾಗುವಷ್ಟರಲ್ಲಿ ಕಣ್ಣು ಕೊನೆಯ ಸಾಲಿಗೆ ಜಾರಿತು. 'ಮೇಲೆ ಹೇಳಿದ್ದೆಲ್ಲ ಸತ್ಯ. ಸಹಿ.' ಪ್ರತಿ ಕೊಡೆಯ ಚೀಲದ ಜೇಬಿನಲ್ಲೂ ಇಂಥದೇ ಒಂದು ಚೀಟಿ ಇರುತ್ತಿತ್ತು. 'ನಾನೇ ಮಡಚಿದ್ದೇನೆ, ಸರಿಯಾಗಿದೆ.' ಅದರಡಿ ಅವನ ಸಹಿ. ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು, ಬಾಯಿ ಹೇಳಬೇಕು, ಕೈ ಮಾಡಬೇಕು. ಎಳೆ, ಕೊಡಹು, ಎಣಿಸು, ಮಡಚು, ಕಟ್ಟು. ಪದ್ಯದ ಹಾಗೆ ಗುನುಗುತ್ತ ಗುನುಗುತ್ತಲೇ ಹತ್ತು ವರ್ಷ ಮಡಚಿದ್ದ. ಕೊನೆಯ ಚಳಿಗಾಲದಲ್ಲಿ ಮಾತ್ರೆ ಬಂದು ನಾಲಿಗೆಯ ಮೇಲೆ ಕೂತಿತು. ಪದ್ಯ ನಿಂತಿತು. ಕೈ ತನ್ನಷ್ಟಕ್ಕೆ ಆಡುತ್ತಿತ್ತು.

ಅವನು ಪೆನ್ನಿಗೆ ಮುಚ್ಚಳ ಹಾಕಿದ.

"ಸರ್, ಆ ಕೊನೇ ಚಳಿಗಾಲ ಚೀಟಿಗೆಲ್ಲ ಸಹಿ ಹಾಕಿದ್ದೀನಿ. ಕೊಡೆ ಮಡಚಿದ್ದು ನೆನಪಿಲ್ಲ."

ಸಾಹೇಬರ ನಗು ಇಳಿಯಲು ಜಾಗ ಸಿಗದೆ ಮುಖದ ಮೇಲೆಯೇ ನಿಂತಿತು.

"ಎಷ್ಟು ದಿನ?"

"ಮೂರು ತಿಂಗಳು. ದಿನಕ್ಕೆ ಹತ್ತು, ಹನ್ನೆರಡು ಕೊಡೆ."

"ಎಲ್ಲಾ ಬಿಚ್ಚಿಕೊಂಡ್ವಲ್ಲ. ಯಾರಿಗೂ ಏನೂ ಆಗ್ಲಿಲ್ಲ."

"ಬಿಚ್ಚಿಕೊಂಡ್ವು ಸರ್. ಹೇಗೆ ಬಿಚ್ಚಿಕೊಂಡ್ವು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅದಕ್ಕೇ ಬಿಟ್ಟು ಹೋಗಿದ್ದು. ಬೆನ್ನು ನೋವು ಅಂತ ಬರೆದಿದ್ದು ಸುಳ್ಳು."

ಹೊರಗೆ ಹೊಸದಾಗಿ ಸೇರಿದವರ ಬೂಟಿನ ಸದ್ದು ಕಿಟಕಿಯ ತನಕ ಬಂದು ದೂರವಾಯಿತು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಚಳಿಗಾಲ ನನ್ನ ಮಗಳು ಹುಟ್ಟಿದ್ದಳು. ಅವಳ ಮುಖ ನೋಡೋಕೆ ರಜೆ ಸಿಗೋ ಮುಂಚೆ ಏಳು ಸಲ ಹಾರಿದ್ದೆ." ದನಿ ಸಣ್ಣಗಾಗಿತ್ತು. "ಅದರಲ್ಲಿ ನೀನು ಮಡಚಿದ್ದು ಎಷ್ಟು?"

ಅವನು ನೆಲ ನೋಡಿದ.

"ಏಳೂ ಸರ್. ನೀವು ಬೇರೆಯವರ ಕೊಡೆ ಮುಟ್ತಾನೇ ಇರ್ಲಿಲ್ಲ."

ಸಾಹೇಬರು ಅರ್ಜಿಯನ್ನು ತಮ್ಮತ್ತ ಎಳೆದುಕೊಂಡು, 'ಇದೆ' ಎಂಬಲ್ಲಿ ತಾವೇ ಗೀಟು ಹಾಕಿ, ಮತ್ತೆ ಅವನ ಮುಂದೆ ತಳ್ಳಿದರು. ಟೀ ಮಾತು ಬರಲಿಲ್ಲ. ಅವನು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ತುಟಿ ಅಲುಗಿಸಿ ಓದಿದ. ಓದಿ ಸಹಿ ಹಾಕಿದ.

ಬಾಗಿಲಿನ ಹತ್ತಿರ ತಿರುಗಿ ಸೆಲ್ಯೂಟ್ ಹೊಡೆದ. ಸಾಹೇಬರು ಇತ್ತ ನೋಡಲಿಲ್ಲ. ಕುರ್ಚಿಯ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ತುಟಿ ಏನನ್ನೋ ಎಣಿಸುತ್ತಿತ್ತು. ನಾಲ್ಕಕ್ಕೆ ನಿಂತಿತು. ಮೆಲ್ಲಗೆ ತಲೆಯೆತ್ತಿ ಅವರು ಮೇಲೆ ನೋಡಿದರು.